ಬ್ಯಾಟರಿ ಡೌನ್ ಆದಾಗ ಕಾರು ಮೊದಲು ಏನನ್ನು ನಿಲ್ಲಿಸುತ್ತದೆ? ಮಲೆನಾಡಿನ ಮಳೆಗಾಲಕ್ಕೆ ಒಂದು ಅಧ್ಯಯನ ಟಿಪ್ಪಣಿ

ಐಟಿಐಯಲ್ಲಿ ಮೋಟಾರ್ ವೆಹಿಕಲ್ ಟ್ರೇಡ್ ಓದುತ್ತಿರುವವರಿಗೆ, ಶಿವಮೊಗ್ಗದ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಬ್ಯಾಟರಿಯ ಪಾಠ ನಮಗೆಲ್ಲ ಗೊತ್ತು. ಆರು ಸೆಲ್, ಸೀಸದ ಪ್ಲೇಟು, ಗಂಧಕಾಮ್ಲ. ಆದರೆ ಜೂನ್ ಬಂತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವವರ ದೂರಿನಲ್ಲಿ ಬ್ಯಾಟರಿಯ ಹೆಸರೇ ಇರುವುದಿಲ್ಲ. ‘ಅಣ್ಣ, ಸ್ಕ್ರೀನ್ ತಾನಾಗೇ ಆಫ್ ಆಗ್ತಿದೆ.’ ‘ರಿಮೋಟ್ ಒತ್ತಿದ್ರೆ ಲಾಕ್ ತೆಗೀತಿಲ್ಲ.’ ‘ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನೇ ಆಫ್ ಆಗ್ತಿತ್ತು, ಈಗ ಆಗ್ತಿಲ್ಲ.’ ‘ಸ್ಟೇರಿಂಗ್ ಲೈಟ್ ಬಂದಿದೆ, ಎಬಿಎಸ್ ಲೈಟೂ ಬಂದಿದೆ.’ ಕೇಳಿದರೆ ನಾಲ್ಕೂ ಬೇರೆ ಬೇರೆ ಕೆಲಸ ಅನ್ನಿಸುತ್ತದೆ. ಹೊಸದಾಗಿ ಕಲಿಯುವವರು ಸೀದಾ ಸ್ಕ್ರೀನ್ ಬಿಚ್ಚಲು ಹೋಗುತ್ತಾರೆ. ಬಿಚ್ಚಬೇಡಿ. ಮೊದಲು ಬಾನೆಟ್ ಎತ್ತಿ, ಬ್ಯಾಟರಿಗೆ ಮೀಟರ್ ಹಿಡಿಯಿರಿ.

ಯಾಕೆ ಅಂದರೆ, ಈಗಿನ ಕಾರುಗಳಲ್ಲಿ ಚಾರ್ಜ್ ಕಮ್ಮಿಯಾದಾಗ ಕೆಲವು ಸೌಲಭ್ಯಗಳನ್ನು ಕಾರೇ ಬೇಕೆಂದು ನಿಲ್ಲಿಸುತ್ತದೆ. ಅವು ಕೆಟ್ಟಿರುವುದಿಲ್ಲ. ಇಂಜಿನ್ ಮತ್ತೆ ಸ್ಟಾರ್ಟ್ ಆಗುವಷ್ಟು ಕರೆಂಟ್ ಉಳಿಯಲಿ ಅಂತ ಕಾರು ಮಾಡಿಕೊಂಡ ಏರ್ಪಾಟು ಅದು. ಇದನ್ನು ಅರ್ಥ ಮಾಡಿಕೊಂಡರೆ ಗಿರಾಕಿಯ ದುಡ್ಡು ಉಳಿಯುತ್ತದೆ, ನಮ್ಮ ಸಮಯವೂ ಉಳಿಯುತ್ತದೆ.

ನಿಲ್ಲಿಸುವ ಕ್ರಮ

ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗಿ, ಹೊರಡುವಾಗ ತಾನೇ ಸ್ಟಾರ್ಟ್ ಆಗುವ ಸೌಲಭ್ಯ) ಇರುವ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ನೋಡಿ. ಕ್ಲ್ಯಾಂಪ್ ಜೊತೆಯಲ್ಲೇ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದು ಬ್ಯಾಟರಿ ಸೆನ್ಸರ್. ಎಷ್ಟು ಕರೆಂಟ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ವೋಲ್ಟೇಜ್ ಎಷ್ಟು, ಬಿಸಿ ಎಷ್ಟು ಅಂತ ಅದು ಅಳೆಯುತ್ತಲೇ ಇರುತ್ತದೆ. ಆ ಲೆಕ್ಕ ನೋಡಿ ಕಾರಿನ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ.

ಸಾಮಾನ್ಯವಾಗಿ ಮೊದಲು ನಿಲ್ಲುವುದು ಸ್ಟಾರ್ಟ್-ಸ್ಟಾಪ್. ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿದರೆ ಮತ್ತೆ ಎಬ್ಬಿಸಲು ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಬಂದ ಕೂಡಲೇ ಕಾರು ಆ ಕೆಲಸ ಬಿಡುತ್ತದೆ. ಹಾಗಾಗಿ ‘ಸ್ಟಾರ್ಟ್-ಸ್ಟಾಪ್ ಕೆಲಸ ಮಾಡ್ತಿಲ್ಲ’ ಅನ್ನುವ ದೂರನ್ನು ಹಗುರವಾಗಿ ತಗೋಬೇಡಿ. ಮುಂದೆ ಬರುವ ತೊಂದರೆಯ ಮೊದಲ ಸುಳಿವು ಅದೇ ಆಗಿರಬಹುದು. ಇಂಜಿನ್ ತಣ್ಣಗಿದ್ದರೂ, ಎಸಿ ಜೋರಾಗಿದ್ದರೂ ಅದು ಕೆಲಸ ಮಾಡುವುದಿಲ್ಲ ಎನ್ನುವುದೂ ನೆನಪಿರಲಿ.

ಆಮೇಲೆ ಆರಾಮದ ವಸ್ತುಗಳ ಸರದಿ. ಸೀಟಿನ ಹೀಟರ್, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್, ಬ್ಲೋವರ್‌ನ ವೇಗ, ಒಳಗಿನ ಅಲಂಕಾರದ ಲೈಟು. ಇಂಜಿನ್ ಆಫ್ ಇದ್ದಾಗ ಹಾಡು ಕೇಳುತ್ತಿದ್ದರೆ, ‘ಬ್ಯಾಟರಿ ಉಳಿಸಲು ಆಫ್ ಮಾಡಲಾಗುತ್ತಿದೆ’ ಅನ್ನುವ ಅರ್ಥದ ಸೂಚನೆ ಬಂದು ಸ್ಕ್ರೀನ್ ಆರುತ್ತದೆ. ಕ್ರಮ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಹೆಡ್‌ಲೈಟ್, ವೈಪರ್, ಬ್ರೇಕ್, ಏರ್‌ಬ್ಯಾಗ್‌ಗಳನ್ನು ಮಾತ್ರ ಕಾರು ಕೊನೆಯವರೆಗೂ ಕಾಪಾಡಲು ನೋಡುತ್ತದೆ.

ಇಲ್ಲಿಯವರೆಗಿನದು ಬೇಕೆಂದು ನಿಲ್ಲಿಸಿದ್ದು. ಇದರ ಕೆಳಗೆ ಇನ್ನೊಂದು ಹಂತ ಇದೆ. ಅಲ್ಲಿ ವೋಲ್ಟೇಜ್ ಸಾಲದೆ ವಸ್ತುಗಳು ತಾವಾಗಿ ತಪ್ಪು ಮಾಡಲು ಶುರು ಮಾಡುತ್ತವೆ. ಕ್ರ್ಯಾಂಕ್ ಮಾಡುವಾಗ, ಅಂದರೆ ಸೆಲ್ಫ್ ಹೊಡೆಯುವಾಗ, ವೋಲ್ಟೇಜ್ 9 ವೋಲ್ಟ್ ಹತ್ತಿರಕ್ಕೆ ಕುಸಿದರೆ ಕೆಲವು ಕಂಟ್ರೋಲ್ ಯೂನಿಟ್‌ಗಳು (ಕಾರಿನ ಬೇರೆ ಬೇರೆ ಭಾಗಗಳನ್ನು ನಡೆಸುವ ಚಿಕ್ಕ ಕಂಪ್ಯೂಟರ್‌ಗಳು) ರೀಸೆಟ್ ಆಗುತ್ತವೆ. ಒಂದು ಯೂನಿಟ್ ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುವುದಿಲ್ಲ. ಆಗ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ), ಸ್ಟೇರಿಂಗ್, ಏರ್‌ಬ್ಯಾಗ್ ಲೈಟುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಸಂಪರ್ಕ ಕಡಿದುಹೋದ ಕೋಡ್‌ಗಳು ಸಾಲಾಗಿ ಬರುತ್ತವೆ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಕ್ಷಣಕಾಲ ತುಂಬಾ ಕರೆಂಟ್ ಎಳೆಯುವ ವಸ್ತು, ಆದ್ದರಿಂದ ವೋಲ್ಟೇಜ್ ಸಾಲದಿದ್ದರೆ ಗಟ್ಟಿಯಾಗಬಹುದು. ಇಷ್ಟೆಲ್ಲ ಲೈಟು ಒಟ್ಟಿಗೆ ಬಂದರೆ, ಅಷ್ಟೂ ವಸ್ತುಗಳು ಒಂದೇ ದಿನ ಕೆಟ್ಟವು ಅಂತ ನಂಬುವುದು ಕಷ್ಟ ಅಲ್ವಾ? ಎಲ್ಲದಕ್ಕೂ ಸಮಾನವಾಗಿ ಇರುವುದು ಬ್ಯಾಟರಿ ಮತ್ತು ಅರ್ಥ್ (ಕಾರಿನ ಬಾಡಿಗೆ ಕೊಟ್ಟ ನೆಗೆಟಿವ್ ಸಂಪರ್ಕ). ಅಲ್ಲಿಂದ ಶುರು ಮಾಡಿ.

ಸೆಲ್ಫ್ ಹೊಡೆದಾಗ ‘ಟಕ ಟಕ ಟಕ’ ಶಬ್ದ ಬರುವುದೂ ಇದೇ ಹಂತದಲ್ಲಿ. ಸ್ಟಾರ್ಟರ್‌ಗೆ ಕರೆಂಟ್ ಜೋಡಿಸುವ ಸ್ವಿಚ್ಚಾದ ಸೊಲೆನಾಯ್ಡ್ ಎಳೆಯಲು ಸ್ವಲ್ಪ ಕರೆಂಟ್ ಸಾಕು, ಅದು ಎಳೆಯುತ್ತದೆ. ಸ್ಟಾರ್ಟರ್ ಮೋಟರ್‌ಗೆ ಸಂಪರ್ಕ ಸಿಗುತ್ತದೆ, ಅದು ನೂರಾರು ಆಂಪಿಯರ್ ಕೇಳುತ್ತದೆ. ವೋಲ್ಟೇಜ್ ಬಿದ್ದುಹೋಗುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ.

ರಿಮೋಟ್ ವಿಷಯದಲ್ಲಿ ಮಾತ್ರ ಎರಡು ಸಾಧ್ಯತೆ ನೋಡಬೇಕು. ಕೀಲಿಯ ಒಳಗೆ 3 ವೋಲ್ಟ್‌ನ ಬಿಲ್ಲೆ ಸೆಲ್ ಇರುತ್ತದೆ, ಅದೇ ಮುಗಿದಿರಬಹುದು. ಕೀಲಿಯಿಂದ ಬಾಗಿಲು ತೆಗೆಯಿರಿ. ಒಳಗಿನ ಲೈಟು ಮಂಕಾಗಿದ್ದರೆ ಕಾರಿನ ಬ್ಯಾಟರಿಯನ್ನೇ ನೋಡಿ. ಪ್ರಖರವಾಗಿದ್ದರೆ ಬಿಲ್ಲೆ ಸೆಲ್ ಬದಲಿಸಿ ನೋಡಿ.

ಎಲೆಕ್ಟ್ರಿಕ್ ಕಾರಿನಲ್ಲೂ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಡೌನ್ ಆದರೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚೇ ಬೀಳುವುದಿಲ್ಲ. ದೊಡ್ಡದರಲ್ಲಿ ಬೇಕಾದಷ್ಟು ಚಾರ್ಜ್ ಇದ್ದರೂ ಕಾರು ಅಲುಗಾಡುವುದಿಲ್ಲ.

ಮೀಟರ್ ಓದುವುದು

ಪೂರ್ತಿ ಚಾರ್ಜ್ ಆದ ಒಂದು ಸೆಲ್ ಸುಮಾರು 2.1 ವೋಲ್ಟ್. ಆರು ಸೇರಿ 12.6. ಇದು ತುಂಬಿದ ಬ್ಯಾಟರಿ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 11.8ಕ್ಕೆ ಇಳಿದರೆ ಖಾಲಿ ಅಂತಲೇ ಲೆಕ್ಕ. ‘12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿಯಾಗಿದೆ’ ಅನ್ನುವ ಮಾತನ್ನು ಗ್ಯಾರೇಜಿನಲ್ಲಿ ಎಷ್ಟೋ ಸಲ ಕೇಳುತ್ತೇವೆ. ಅದು ಸರಿಯಲ್ಲ. ತುಂಬಿದ್ದಕ್ಕೂ ಖಾಲಿಗೂ ನಡುವೆ ಇರುವುದು ಒಂದು ವೋಲ್ಟ್‌ಗಿಂತ ಕಡಿಮೆ ಅಂತರ.

ಈ ಅಂಕಿಗಳು ಕಾರು ಕೆಲವು ಗಂಟೆ ಸುಮ್ನೆ ನಿಂತಿದ್ದರೆ ಮಾತ್ರ ನಿಜ. ಈಗಷ್ಟೇ ಓಡಿ ಬಂದ ಕಾರಿನ ಪ್ಲೇಟುಗಳ ಮೇಲೆ ಮೇಲ್ಮೈ ಚಾರ್ಜ್ ಇರುತ್ತದೆ, ಮೀಟರ್ ಹೆಚ್ಚು ತೋರಿಸುತ್ತದೆ. ಕಾಯಲು ಸಮಯ ಇಲ್ಲದಿದ್ದರೆ ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಸ್ವಲ್ಪ ಬಿಟ್ಟು ಅಳೆಯಿರಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. 12.6 ತೋರಿಸಿದರೂ ಬ್ಯಾಟರಿ ಹಾಳಾಗಿರಬಹುದು. ಹೂಳು ತುಂಬಿದ ಕೆರೆಯನ್ನು ನೆನೆಸಿಕೊಳ್ಳಿ. ಮಳೆ ಬಂದರೆ ನೀರು ಕೋಡಿಯವರೆಗೂ ನಿಲ್ಲುತ್ತದೆ, ಮಟ್ಟ ನೋಡಿದರೆ ತುಂಬಿದೆ. ಗದ್ದೆಗೆ ಬಿಟ್ಟರೆ ಬೇಗ ತಳ ಕಾಣುತ್ತದೆ. ಹಳೆಯ ಬ್ಯಾಟರಿಯೂ ಹಾಗೆಯೇ. ವೋಲ್ಟೇಜ್ ಹೇಳುವುದು ಮಟ್ಟವನ್ನು, ಒಳಗೆ ಎಷ್ಟು ಜಾಗ ಉಳಿದಿದೆ ಎನ್ನುವುದನ್ನಲ್ಲ. ಅರ್ಧ ಚಾರ್ಜ್‌ನಲ್ಲೇ ವಾರಗಟ್ಟಲೆ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಅದಕ್ಕೇ ಲೋಡ್ ಟೆಸ್ಟ್ ಬೇಕು. ಬ್ಯಾಟರಿಯ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್‌ನ (ಚಳಿಯಲ್ಲಿ ಸ್ಟಾರ್ಟ್ ಮಾಡಲು ಅದು ಕೊಡಬಲ್ಲ ಕರೆಂಟ್) ಅರ್ಧದಷ್ಟು ಲೋಡ್ ಅನ್ನು 15 ಸೆಕೆಂಡ್ ಕೊಟ್ಟಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿಯಬಾರದು. ಲೋಡ್ ಟೆಸ್ಟ್ ಮಾಡುವ ಮೊದಲು ಬ್ಯಾಟರಿ ಚಾರ್ಜ್ ಆಗಿರಬೇಕು. ಖಾಲಿ ಬ್ಯಾಟರಿಗೆ ಈ ಟೆಸ್ಟ್ ಮಾಡಿ ಕೆಟ್ಟಿದೆ ಅನ್ನುವುದು ಅನ್ಯಾಯ.

ಇಂಜಿನ್ ಓಡುತ್ತಿರುವಾಗ 13.8ರಿಂದ 14.5 ಇದ್ದರೆ ಆಲ್ಟರ್ನೇಟರ್, ಅಂದರೆ ಇಂಜಿನ್ ಶಕ್ತಿಯಿಂದ ಕರೆಂಟ್ ಮಾಡಿ ಬ್ಯಾಟರಿ ತುಂಬುವ ಯಂತ್ರ, ಸರಿ ಇದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಆಲ್ಟರ್ನೇಟರ್ ಅನ್ನು ಏರಿಸಿ ಇಳಿಸುತ್ತದೆ. 12.8 ಕಂಡ ಕೂಡಲೇ ಆಲ್ಟರ್ನೇಟರ್ ಬಿಚ್ಚಬೇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೊಮ್ಮೆ ನೋಡಿ.

ನಮ್ಮ ಮಳೆಗಾಲದ ಲೆಕ್ಕ

ಚಳಿಗೆ ಬ್ಯಾಟರಿ ಸೋಲುತ್ತದೆ ಅಂತ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ನಿಜ, ಆದರೆ ಹಿಮ ಬೀಳುವ ಊರಿಗೆ ಹೆಚ್ಚು ಅನ್ವಯಿಸುವ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ಲೆಕ್ಕ ಮಳೆಯಿಂದಲೇ ಶುರುವಾಗಬೇಕು.

ರಾತ್ರಿ, ಜೋರು ಮಳೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೊರಟಿದ್ದೀರಿ ಅನ್ನಿ. 55 ವ್ಯಾಟ್‌ನ ಎರಡು ಹ್ಯಾಲೊಜನ್ ಹೆಡ್‌ಲೈಟ್, ಜೊತೆಗೆ ಹಿಂದಿನ ಲೈಟುಗಳು. ಇಷ್ಟಕ್ಕೆ ಸುಮಾರು 10 ಆಂಪಿಯರ್. ವೈಪರ್‌ಗೆ 4–5. ಗಾಜಿನ ಮಂಜು ತೆಗೆಯಲು ಬ್ಲೋವರ್ ಜೋರಾಗಿ ಇಟ್ಟರೆ 12ರ ಆಸುಪಾಸು. ಹಿಂದಿನ ಡಿಫಾಗರ್‌ಗೆ ಇನ್ನೊಂದು 10. ಪೆಟ್ರೋಲ್ ಪಂಪ್, ಇಂಜೆಕ್ಟರ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಸೇರಿ 10. ನಡುನಡುವೆ ರೇಡಿಯೇಟರ್ ಫ್ಯಾನ್. ಹತ್ತಿರ ಹತ್ತಿರ 50 ಆಂಪಿಯರ್ ಆಯಿತು. ಚಿಕ್ಕ ಕಾರಿನ ಆಲ್ಟರ್ನೇಟರ್ ಮೇಲೆ 70, 80 ಅಂತ ಬರೆದಿರುತ್ತದೆ. ಆ ಅಂಕಿ ಇಂಜಿನ್ ಜೋರಾಗಿ ತಿರುಗುವಾಗಿನದು. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮೆಲ್ಲಗೆ ತಿರುಗುವಾಗ, ಅದರ ಅರ್ಧ ಸಿಗುವುದೂ ಕಷ್ಟ.

ಘಾಟಿಯಲ್ಲಿ ಬ್ಯಾಟರಿ ಹಾಳಾಗುತ್ತದೆ ಅಂತ ಜನ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಎರಡನೇ ಗೇರಿನಲ್ಲಿ ಹತ್ತುವಾಗ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಚಾರ್ಜೂ ಆಗುತ್ತದೆ. ನಷ್ಟ ಆಗುವುದು ಮರ ಬಿದ್ದು ರಸ್ತೆ ಬಂದ್ ಆದಾಗ. ಮುಂದೆ ಹಿಂದೆ ವಾಹನಗಳ ಸಾಲು, ಲೈಟು, ವೈಪರ್, ಬ್ಲೋವರ್ ಎಲ್ಲ ಆನ್, ಇಂಜಿನ್ ಐಡ್ಲಿಂಗ್. ಒಂದು ಗಂಟೆ ಹೀಗೆ ನಿಂತರೆ, ಆಲ್ಟರ್ನೇಟರ್ ಕೊಟ್ಟೂ ಸಾಲದ ಕರೆಂಟ್ ಪ್ರತಿ ನಿಮಿಷವೂ ಬ್ಯಾಟರಿಯಿಂದಲೇ ಹೋಗುತ್ತಿರುತ್ತದೆ. ಗಿರಾಕಿಗೆ ಈ ಮಾತು ಹೇಳಿ. ನಿಂತಾಗ ಹಿಂದಿನ ಡಿಫಾಗರ್ ಆರಿಸಲಿ, ಬ್ಲೋವರ್ ಕಡಿಮೆ ಮಾಡಲಿ. ಪಾರ್ಕಿಂಗ್ ಲೈಟು ಮಾತ್ರ ಉರಿಯುತ್ತಿರಲಿ, ಹಿಂದಿನಿಂದ ಬರುವವರಿಗೆ ಕಾರು ಕಾಣಬೇಕು.

ಇದಕ್ಕಿಂತ ಮೆಲ್ಲಗೆ, ಗೊತ್ತೇ ಆಗದ ಹಾಗೆ ಆಗುವ ನಷ್ಟ ತೋಟದ ಮನೆಯ ಕಾರುಗಳದು. ಬೀಗ ಹಾಕಿ ನಿಲ್ಲಿಸಿದ ಕಾರೂ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಅಲಾರಂ, ಗಡಿಯಾರ, ರಿಮೋಟ್‌ಗೆ ಕಿವಿಗೊಟ್ಟು ಕೂತ ರಿಸೀವರ್, ಇವಕ್ಕೆಲ್ಲ ಬೇಕಲ್ಲ. 30 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 0.72 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್), ವಾರಕ್ಕೆ ಸುಮಾರು 5. ಮಳೆಗಾಲದಲ್ಲಿ ಕಾರು ಶೆಡ್‌ನಲ್ಲೇ ಇರುತ್ತದೆ, ವಾರಕ್ಕೊಮ್ಮೆ ಸಂತೆಗೆ ಹೊರಡುತ್ತದೆ. ಕಾಲು ಗಂಟೆಯ ಓಟದಲ್ಲಿ, ಲೈಟು ವೈಪರ್ ಹಾಕಿಕೊಂಡು, ಎರಡು ಆಂಪಿಯರ್ ಅವರ್ ವಾಪಸ್ ಬಂದರೆ ಹೆಚ್ಚು. ವಾರಕ್ಕೆ ಮೂರು ಕೊರತೆ. 35 ಆಂಪಿಯರ್ ಅವರ್‌ನ ಬ್ಯಾಟರಿ ಆರು ವಾರದಲ್ಲಿ ಅರ್ಧಕ್ಕೆ ಬರುತ್ತದೆ. ಜೂನ್ ಮೊದಲ ವಾರದಲ್ಲಿ ಶುರುವಾದ ಕೊರತೆ ಜುಲೈ ಕೊನೆಗೆ ‘ಸ್ಕ್ರೀನ್ ಆಫ್ ಆಗ್ತಿದೆ’ ಅಂತ ನಮ್ಮ ಮುಂದೆ ಬಂದು ನಿಲ್ಲುತ್ತದೆ.

ಸೆಲ್ಫ್ ಹೊಡೆಯುವುದರಿಂದಲೇ ಬ್ಯಾಟರಿ ಖಾಲಿ ಆಗುತ್ತದೆ ಅನ್ನುವ ನಂಬಿಕೆಯನ್ನೂ ಲೆಕ್ಕ ಹಾಕಿ ನೋಡೋಣ. 150 ಆಂಪಿಯರ್, ಎರಡು ಸೆಕೆಂಡ್. 0.1 ಆಂಪಿಯರ್ ಅವರ್ ಕೂಡ ಆಗುವುದಿಲ್ಲ. ಕೆಲವೇ ನಿಮಿಷದಲ್ಲಿ ತುಂಬಿಬಿಡುತ್ತದೆ.

ಕರೆಂಟ್ ಹೋದಾಗ ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವುದು ನಮ್ಮ ಕಡೆ ಮಾಮೂಲು. ಮೊಬೈಲ್ ಎಳೆಯುವುದು ಒಂದು ಆಂಪಿಯರ್ ಆಸುಪಾಸು ಮಾತ್ರ. ಆದರೆ ಅದಕ್ಕಾಗಿ ಕೀಲಿ ಆನ್ ಇಟ್ಟಾಗ ಸ್ಕ್ರೀನ್, ಕಂಟ್ರೋಲ್ ಯೂನಿಟ್‌ಗಳು ಎಲ್ಲ ಎಚ್ಚರವಾಗಿರುತ್ತವೆ. ಅವು ಎಳೆಯುವುದು ಮೊಬೈಲ್‌ನ ಹಲವು ಪಟ್ಟು. ಪವರ್ ಬ್ಯಾಂಕ್ ಇದ್ದರೆ ಓಡಾಡುವಾಗಲೇ ಅದನ್ನು ತುಂಬಿಸಿಕೊಳ್ಳುವುದು ಒಳ್ಳೆಯದು.

ಇನ್ನು ಟರ್ಮಿನಲ್. ಥಂಡಿ ಗಾಳಿಗೆ, ಆಮ್ಲದ ಆವಿಗೆ ಅಲ್ಲಿ ಪುಡಿ ಕಟ್ಟುತ್ತದೆ. ಬಿಳಿ ಪುಡಿ ಬಹುತೇಕ ಸೀಸದ ಸಲ್ಫೇಟ್. ನೀಲಿ-ಹಸಿರು ಬಣ್ಣದ್ದರಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ, ಅಂದರೆ ನಾವು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತವೇ. ಕೇಬಲ್ಲಿನ ತಾಮ್ರ ಕರಗಿ ಆದದ್ದು ಅದು. ಹಾಗಾಗಿ ನೀಲಿ ಕಂಡರೆ ಪುಡಿ ಒರೆಸಿ ಬಿಡಬೇಡಿ, ಕೇಬಲ್ ಒಳಗೆ ಎಷ್ಟು ತಿಂದಿದೆ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಂಬಕ್ಕೆ, ಇನ್ನೊಂದು ಅದೇ ಕಂಬದ ಕ್ಲ್ಯಾಂಪ್‌ಗೆ ಇಟ್ಟು ಸೆಲ್ಫ್ ಹೊಡೆಸಿ. 0.1 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅಲ್ಲೇ ತಡೆ ಇದೆ. ಬ್ಯಾಟರಿ ಚೆನ್ನಾಗಿದ್ದರೂ ಕಾರಿಗೆ ಅದು ತಲುಪುತ್ತಿಲ್ಲ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಕದ್ದು ಎಳೆಯುತ್ತಿರುವುದು ಯಾವುದು?

ಚಾರ್ಜ್ ಮಾಡಿ ಕಳಿಸಿದ ಬ್ಯಾಟರಿ ಮೂರು ನಾಲ್ಕು ದಿನಕ್ಕೇ ಡೌನ್ ಆದರೆ, ನಿಂತಾಗಿನ ಕರೆಂಟ್ ಅಳೆಯಬೇಕು. ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರ್ ಅನ್ನು 10 ಆಂಪಿಯರ್ ರೇಂಜಿನಲ್ಲಿ ಸರಣಿಯಾಗಿ ಜೋಡಿಸಿ. ಜೋಡಿಸಿದ ಮೇಲೆ ಕೀಲಿ ಆನ್ ಮಾಡಬೇಡಿ. ಸೆಲ್ಫ್ ಹೊಡೆದರಂತೂ ಮೀಟರಿನ ಫ್ಯೂಸ್ ಹೋಗುತ್ತದೆ. ಕಾರು ಲಾಕ್ ಮಾಡಿ ಅರ್ಧ ಗಂಟೆಯಾದರೂ ಕಾಯಿರಿ. ಯೂನಿಟ್‌ಗಳು ಮಲಗುವವರೆಗೆ ಮೀಟರ್ ಜಾಸ್ತಿಯೇ ತೋರಿಸುತ್ತದೆ. ಅದನ್ನೇ ನೋಡಿ ಗಾಬರಿಯಾಗಬೇಡಿ. ಮಲಗಿದ ಮೇಲೂ 50 ಮಿಲಿ ಆಂಪಿಯರ್‌ಗಿಂತ ತುಂಬಾ ಮೇಲಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯಿತೋ ಆ ಸರ್ಕ್ಯೂಟ್. ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಆರದೆ ಉಳಿದ ಡಿಕ್ಕಿಯ ಬಲ್ಬು, ಇವನ್ನು ಮೊದಲು ಅನುಮಾನಿಸಿ.

ಚಾರ್ಜ್ ಮಾಡುವಾಗ, ಆಮೇಲೆ

ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ, ‘ಒಂದು ರೌಂಡ್ ಓಡಿಸಿ, ಚಾರ್ಜ್ ಆಗುತ್ತೆ’ ಅಂತ ಕಳಿಸುವುದು ಸಾಲದು. ಖಾಲಿಯಾದ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ತುಂಬುತ್ತ ಬಂದಂತೆ ಅದು ಕರೆಂಟ್ ತಗೊಳ್ಳುವುದೂ ನಿಧಾನ ಆಗುತ್ತದೆ. 35 ಆಂಪಿಯರ್ ಅವರ್ ಬ್ಯಾಟರಿಗೆ 3.5 ಆಂಪಿಯರ್‌ನಲ್ಲಿ ರಾತ್ರಿಯಿಡೀ ಚಾರ್ಜರ್ ಹಾಕುವುದೇ ಸರಿಯಾದ ದಾರಿ. ಜಾಗದಲ್ಲಿ ಗಾಳಿ ಆಡಬೇಕು, ಬೆಂಕಿ ಹತ್ತಿರ ಇರಬಾರದು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಜಂಪ್ ಕೊಡುವಾಗಲೂ ಕೊನೆಯ ಕಪ್ಪು ಕ್ಲಿಪ್ಪನ್ನು ಡೌನ್ ಆದ ಬ್ಯಾಟರಿಗೆ ಹಾಕದೆ, ದೂರದ ಇಂಜಿನ್ ಲೋಹಕ್ಕೆ ಹಾಕುವುದು ಇದೇ ಕಾರಣಕ್ಕೆ. ಕಿಡಿ ಅಲ್ಲಿ ಹಾರಿದರೆ ಅಪಾಯ ಕಡಿಮೆ.

ಸೆನ್ಸರ್ ಇರುವ ಕಾರಿಗೆ ಚಾರ್ಜರಿನ ನೆಗೆಟಿವ್ ಕ್ಲಿಪ್ಪನ್ನು ಬಾಡಿಯ ಅರ್ಥ್ ಪಾಯಿಂಟ್‌ಗೇ ಹಾಕಿ. ನೇರ ಬ್ಯಾಟರಿಯ ಕಂಬಕ್ಕೆ ಹಾಕಿದರೆ ಒಳಗೆ ಹೋದ ಚಾರ್ಜ್ ಸೆನ್ಸರ್‌ನ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಟರಿ ತುಂಬಿದ್ದರೂ ಕಾರು ಸ್ಟಾರ್ಟ್-ಸ್ಟಾಪ್ ಕೊಡದೆ ಇರಬಹುದು. ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕುವಾಗ ಎಜಿಎಂ ಅಥವಾ ಇಎಫ್‌ಬಿ (ಎರಡೂ ಸ್ಟಾರ್ಟ್-ಸ್ಟಾಪ್ ಕಾರುಗಳಿಗೆ ತಕ್ಕ ಗಟ್ಟಿ ಬ್ಯಾಟರಿಗಳು), ಮೊದಲು ಯಾವುದಿತ್ತೋ ಅದೇ ಜಾತಿಯದು ಬೇಕು. ಮಾಮೂಲಿ ಬ್ಯಾಟರಿ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳಿಕೊಳ್ಳುವುದಿಲ್ಲ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ನಮೂದಿಸಲೂಬೇಕು.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕಿಟಕಿಯ ಒಂದೇ ಒತ್ತಿಗೆ ಏರುವ ಸೌಲಭ್ಯ ಹೋಗಿರುತ್ತದೆ. ಗಾಜು ಪೂರ್ತಿ ಏರಿಸಿ, ಸ್ವಿಚ್ಚನ್ನು ಇನ್ನೂ ಕೆಲವು ಸೆಕೆಂಡ್ ಹಿಡಿದುಕೊಳ್ಳಿ, ಬಹಳಷ್ಟು ಕಾರುಗಳಲ್ಲಿ ಸರಿಹೋಗುತ್ತದೆ. ಸ್ಟೇರಿಂಗ್ ಲೈಟು ಉಳಿದಿದ್ದರೆ ಇಂಜಿನ್ ಆನ್ ಮಾಡಿ ಸ್ಟೇರಿಂಗ್ ಅನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿ. ಹಳೆಯ ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿ, ಒಂದು ಸುತ್ತು ಹೋಗಿ ಬಂದು ಮತ್ತೆ ಸ್ಕ್ಯಾನ್ ಮಾಡಿ. ಪೂರ್ತಿ ಚಾರ್ಜ್ ಇದ್ದೂ ವಾಪಸ್ ಬಂದ ಕೋಡ್ ಯಾವುದೋ, ಆ ವಸ್ತುವನ್ನು ಈಗ ಬಿಚ್ಚಬಹುದು.