ಅವರು ಬಂದಿದ್ದಕ್ಕೇ ತುಟ್ಟಿಯಾಯ್ತಾ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದವು. ಹೊಳೆದಂಡೆಯ ಹಳ್ಳಿಗಳು ಖಾಲಿಯಾದವು. ಬಾಗಲಕೋಟೆಯ ನಮ್ಮ ಓಣಿಗೂ ಕೆಲವು ಮನೆತನದವರು ಬಾಡಿಗೆಗೆ ಬಂದರು. ಸ್ವಲ್ಪ ದಿನಕ್ಕೇ ಬಾಡಿಗೆ ಏರಿತು, ಸಂತೆಯಲ್ಲಿ ಕಾಯಿಪಲ್ಯೆ ತುಟ್ಟಿಯಾಯ್ತು. ‘ಇವರು ಬಂದ ಮೇಲೇ ಹಿಂಗಾಯ್ತು’ ಅನ್ನೋ ಮಾತು ಕಟ್ಟೆಯ ಮೇಲೆ ಶುರುವಾಯ್ತು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಕಾಯಿಪಲ್ಯೆ ತುಟ್ಟಿಯಾಗಿದ್ದು ಹೊಲಗಳೇ ನೀರಲ್ಲಿ ನಿಂತಿದ್ದಕ್ಕೆ, ಆ ಹೊಲಗಳೂ ಬಂದವರದ್ದೇ ಅಲ್ವಾ? ಬಾಡಿಗೆ ಏರಿದ್ದು ಮಾತ್ರ ನಿಜ.

ಮುಳುಗಡೆ ಊರಿನ ನಮಗೆ ಇದು ಹಳೇ ಕತೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಹಿನ್ನೀರು ಪೇಟೆ ಮುಟ್ಟುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಸಂತ್ರಸ್ತರಿಗಾಗಿ ಸೆಕ್ಟರ್ ಸೆಕ್ಟರ್ ಮಾಡಿ ನವನಗರ ಕಟ್ಟಿದರು. ಅಷ್ಟು ವರ್ಷ ಸಮಯ ಸಿಕ್ಕಿದ್ದರಿಂದ ಜಾಗ, ರಸ್ತೆ, ನಳ ಅಂತ ಯೋಚನೆಯಾದರೂ ಆಯ್ತು. 2019ರ ಹೊಳೆ ಅಂಥ ಸಮಯ ಕೊಡಲಿಲ್ಲ.

ಯುದ್ಧವೂ ಕೊಡುವುದಿಲ್ಲ. 1994ರ ಏಪ್ರಿಲ್ ಕೊನೆಗೆ ರುವಾಂಡಾದ ನರಮೇಧದ ನಡುವೆ ಸುಮಾರು 2.5 ಲಕ್ಷ ಜನ ಒಂದೇ ದಿನದಲ್ಲಿ ಗಡಿ ದಾಟಿ ಟಾಂಜಾನಿಯಾಕ್ಕೆ ಬಂದರು. ಅಲ್ಲಿನ ಕಗೇರಾ ಭಾಗದ ಸಂತೆಗಳ ದರವನ್ನು ಆಮೇಲೆ ಕೂತು ಲೆಕ್ಕ ಹಾಕಿದ್ದಾರೆ. ಶಿಬಿರಗಳಿಗೆ ನೆರವಾಗಿ ಬಂದ ಮೆಕ್ಕೆಜೋಳದಂಥ ಕಾಳುಕಡಿಯ ದರ ಅಷ್ಟೇನೂ ಏರಲಿಲ್ಲ. ಆದರೆ ಯಾರೂ ಹೊರಗಿಂದ ತಂದು ಹಂಚದ ಬಾಳೆಕಾಯಿಯ ದರ ಜೋರಾಗಿ ಏರಿತು, ಅಲ್ಲಿಯವರಿಗೆ ಅದು ನಮ್ಮ ಜೋಳದ ರೊಟ್ಟಿ ಇದ್ದಂತೆ. ಮಾರಲು ಬೆಳೆ ಇದ್ದ ಹತ್ತಿರದ ರೈತರಿಗೆ ಕೈತುಂಬ ಕಾಸು ಬಂತು, ದಿನಾ ಕೊಂಡು ತಿನ್ನುವ ಪೇಟೆಯವರು ಸೋತರು. ಕೂಲಿಯವರಿಗೂ ಕಷ್ಟವೇ, ಅದೇ ಹೊಲದ ಕೆಲಸಕ್ಕೆ ಈಗ ಕೈಗಳು ಜಾಸ್ತಿ.

2011ರ ನಂತರ ಸಿರಿಯಾದಿಂದ ಜನ ಹೊರಬಿದ್ದಾಗ ಇನ್ನೊಂದು ಮುಖ ಕಂಡಿತು. ಅವರು ಹೋಗಿ ನೆಲೆಸಿದ ಟರ್ಕಿಯ ಭಾಗಗಳಲ್ಲಿ ಸಾಮಾನಿನ ದರ ಸುಮಾರು ಶೇ 2.5ರಷ್ಟು ಇಳಿದಿತ್ತು! ಕೆಲಸದ ಪರ್ಮಿಟ್ ಇಲ್ಲದೆ ಕಡಿಮೆ ಪಗಾರಕ್ಕೆ ದುಡಿಯುವವರು ಸಿಕ್ಕಿದ್ದರಿಂದ ಸಾಮಾನು ಅಗ್ಗವಾಯ್ತು, ಆದರೆ ಅದೇ ಕೆಲಸ ಮಾಡುತ್ತಿದ್ದ ಸ್ಥಳೀಯ ಬಡವರ ದುಡಿಮೆ ಹೋಯ್ತು. ಜೋರ್ಡಾನ್‌ನಲ್ಲಿ ಹತ್ತರಲ್ಲಿ ಎಂಟು ಸಿರಿಯನ್ನರು ಇದ್ದದ್ದು ಶಿಬಿರದ ಹೊರಗೆ, ಊರುಗಳಲ್ಲಿ. ಗಡಿಯ ಹತ್ತಿರದ ಮಫ್ರಕ್‌ನಲ್ಲಿ ಬಾಡಿಗೆ ಎರಡು ಪಟ್ಟಿಗೂ ಮೇಲೆ ಹೋಯ್ತು. ಹಿಟ್ಟನ್ನು ಲಾರಿಯಲ್ಲಿ ತರಿಸಬಹುದು, ಮನೆ ಕಟ್ಟೋಕೆ ವರ್ಷ ಬೇಕು. ಅದಕ್ಕೇ ಎಲ್ಲಿ ನೋಡಿದರೂ ಬಾಡಿಗೆಯ ಗೋಳು.

ಬಂದವರು ಆ ಬಾಡಿಗೆ ಏರಿಸಲಿಲ್ಲ, ಏರಿದ್ದನ್ನು ಅವರೂ ಕಟ್ಟಿದರು. ನಮ್ಮ ಓಣಿಯಲ್ಲಂತೂ ಎಲ್ಲರಿಗಿಂತ ಜಾಸ್ತಿ ಕಟ್ಟಿದ್ದು ಅವರೇ.

ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಗರಿಷ್ಠ ಮಟ್ಟ ಈಗ 519.60 ಮೀಟರ್. 524.256ಕ್ಕೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿದೆ. ಅಷ್ಟು ನೀರು ನಿಂತರೆ ಮತ್ತೆ ಹಳ್ಳಿಗಳು ಏಳಬೇಕು, ಮತ್ತೆ ಜನ ಈ ಕಡೆ ಬರಬೇಕು. ಎಕರೆಗೆ ಎಷ್ಟು ಪರಿಹಾರ ಅನ್ನೋ ಚರ್ಚೆ ನಡೆದೇ ಇದೆ, ನಡೆಯಲೇಬೇಕು. ಅವರು ಬಂದಿಳಿಯುವ ಊರಲ್ಲಿ ಬಾಡಿಗೆ ಮನೆಯಲ್ಲಿ ಇರುವವರ ಮಾತನ್ನು ಮಾತ್ರ ಯಾವ ಸಭೆಯಲ್ಲೂ ನಾನು ಇನ್ನೂ ಕೇಳಿಲ್ಲ.