ಮುಂಬಯಿಯ ಹಸಿಗಾಳಿಯಲ್ಲಿ ಐಸ್ ಹಾಕಿ

ಮುಂಬಯಿಯ ಮೀನುಗಾರಿಕೆ ಬಂದರು ಸಸೂನ್ ಡಾಕ್‌ನಲ್ಲಿ ನಸುಕಿಗೇ ದೋಣಿಗಳಿಗೆ ತುಂಬುವ ಮಂಜುಗಡ್ಡೆಗೂ, ಸ್ಕೇಟ್ ಕಟ್ಟಿ ಆಡುವ ಐಸ್ ಹಾಕಿಯ ಅಂಕಣದ, ಅಂದರೆ ರಿಂಕ್‌ನ, ಮಂಜುಗಡ್ಡೆಗೂ ಮೂಲದಲ್ಲಿ ಯಂತ್ರ ಒಂದೇ. ಅಮೋನಿಯಾ ಕಂಪ್ರೆಸರ್, ಸೊನ್ನೆ ಡಿಗ್ರಿಯ ಕೆಳಗೂ ಹೆಪ್ಪುಗಟ್ಟದ ಉಪ್ಪುನೀರು, ಬಿಸಿಯನ್ನು ಹೊರಗೆ ಚೆಲ್ಲುವ ಕಂಡೆನ್ಸರ್. ಮಲ್ಪೆ, ಮಂಗಳೂರು ಬಂದರುಗಳನ್ನು ನೋಡುತ್ತ ಬೆಳೆದು ಮುಂಬಯಿಗೆ ಬಂದ ನಮ್ಮವರಿಗೆ ಇದರಲ್ಲಿ ಹೊಸದೇನಿಲ್ಲ. ಆದರೂ ‘ಈ ಸೆಕೆಯಲ್ಲಿ ಐಸ್ ಹಾಕಿ ಆಗುತ್ತದೆಯೇ?’ ಎಂದು ಮಾಟುಂಗದಿಂದ ಡೊಂಬಿವಲಿವರೆಗಿನ ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಕೋಲ್ಡ್ ಸ್ಟೋರೇಜ್, ಐಸ್ ಪ್ಲಾಂಟ್‌ಗಳ ವಿನ್ಯಾಸವೇ ನನ್ನ ಕಸುಬಾದ್ದರಿಂದ ಖಚಿತವಾಗಿ ಹೇಳುತ್ತೇನೆ: ಆಗುತ್ತದೆ. ಸೆಕೆಯನ್ನು ಕಂಪ್ರೆಸರ್ ನೋಡಿಕೊಳ್ಳುತ್ತದೆ. ನಮ್ಮನ್ನು ಕಾಡುವುದು ಗಾಳಿಯಲ್ಲಿರುವ ನೀರು.

ಮೊದಲು ರಿಂಕ್ ಹೇಗಿರುತ್ತದೆ ನೋಡೋಣ. ಅಂತರರಾಷ್ಟ್ರೀಯ ಪಂದ್ಯಕ್ಕೆ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲದ ಅಂಕಣ ಬೇಕು. ಮಂಜಿನ ದಪ್ಪ ಮಾತ್ರ ಮೂರು ಸೆಂಟಿಮೀಟರ್ ಆಸುಪಾಸು. ಲೆಕ್ಕ ಹಾಕಿದರೆ ಸುಮಾರು 50,000 ಲೀಟರ್ ನೀರು, ಐದು ಟ್ಯಾಂಕರ್‌ಗಳಷ್ಟು. ಅದರ ಕೆಳಗೆ ಕಾಂಕ್ರೀಟು, ಕಾಂಕ್ರೀಟಿನೊಳಗೆ ಒತ್ತೊತ್ತಾಗಿ ಹಾಸಿದ ಕಿಲೋಮೀಟರ್‌ಗಟ್ಟಲೆ ಪೈಪು, ಪೈಪಿನಲ್ಲಿ ತಣ್ಣನೆಯ ಉಪ್ಪುನೀರು ಅಥವಾ ಗ್ಲೈಕಾಲ್ ಎಂಬ ಹೆಪ್ಪುಗಟ್ಟದ ದ್ರವ. ನೀರನ್ನು ಒಮ್ಮೆಲೇ ತುಂಬಿಸುವುದಿಲ್ಲ. ತೆಳ್ಳಗೆ ಸಿಂಪಡಿಸಿ, ಹೆಪ್ಪುಗಟ್ಟಿಸಿ, ಮತ್ತೆ ಸಿಂಪಡಿಸುತ್ತ ಪದರ ಪದರವಾಗಿ ಏರಿಸಬೇಕು. ನಡುವೆ ಬಿಳಿ ಬಣ್ಣ, ಅದರ ಮೇಲೆ ಕೆಂಪು ನೀಲಿ ಗೆರೆಗಳು, ಆಮೇಲೆ ಮತ್ತೆ ನೀರು. ಹಾಕಿಗೆ ಮೇಲ್ಮೈ ಮೈನಸ್ ಐದಾರು ಡಿಗ್ರಿಯಲ್ಲಿರಬೇಕು. ಫಿಗರ್ ಸ್ಕೇಟಿಂಗ್‌ನವರು ಇದಕ್ಕಿಂತ ತುಸು ಮೆತ್ತನೆಯ ಮಂಜು ಕೇಳುತ್ತಾರೆ.

ನೀರಿನ ವಿಷಯದಲ್ಲಿ ಮುಂಬಯಿಗೆ ಒಂದು ಅನುಕೂಲವಿದೆ. ತಾನ್ಸಾ, ವೈತರಣಾ ಕಡೆಯಿಂದ ಬರುವ ಕೆರೆನೀರಿನಲ್ಲಿ ಲವಣ ಕಡಿಮೆ. ಬೋರ್‌ವೆಲ್ ಟ್ಯಾಂಕರ್ ನೀರು ಹಾಕಿದರೆ ಮಂಜು ಮಸುಕಾಗಿ, ಬೇಗ ಪುಡಿಯಾಗುತ್ತದೆ.

ಇನ್ನು ಗಾಳಿಯ ಮಾತು. ಮಳೆಗಾಲದ ಮುಂಬಯಿಯಲ್ಲಿ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ಅದಕ್ಕಿಂತ ತಣ್ಣಗಿರುವ ಯಾವುದನ್ನು ಗಾಳಿಗೆ ಒಡ್ಡಿದರೂ ಅದರ ಮೈ ಒದ್ದೆಯಾಗುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕಟ್ಟಿದ ಹಾಗೆ. ಇಂಥ ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಂಗಿಂತ ಹೆಚ್ಚು ನೀರಾವಿ ಇರುತ್ತದೆ. ರಿಂಕ್‌ನೊಳಗೆ ಇರಬೇಕಾದ್ದು ಐದಾರು ಗ್ರಾಂ. ಇಪ್ಪತ್ತು ಸಾವಿರ ಘನ ಮೀಟರ್‌ನ ಸಭಾಂಗಣದ ಗಾಳಿ ಒಂದು ಸಲ ಪೂರ್ತಿ ಬದಲಾದರೆ 300 ಲೀಟರ್ ನೀರು ಒಳಗೆ ಬಂದ ಲೆಕ್ಕ. ಆಟಗಾರರ ಬೆವರು, ಪ್ರೇಕ್ಷಕರ ಉಸಿರು ಇದಕ್ಕೆ ಸೇರಿಲ್ಲ.

ಈ ನೀರಾವಿ ಮಂಜಿನ ಮೇಲೆ ಕೂತಾಗ ತನ್ನ ಒಡಲಿನ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ. ಒಂದು ಕಿಲೋ ಆವಿ ನೀರಾಗುವಾಗ ಬಿಡುವ ಶಾಖ ಏಳು ಕಿಲೋಗೂ ಹೆಚ್ಚು ಮಂಜನ್ನು ಕರಗಿಸಬಲ್ಲದು. ಹೊರೆ ತಡೆಯದೆ ಪ್ಲಾಂಟ್ ಏದುಸಿರು ಬಿಡುತ್ತದೆ, ಮಾಲೀಕರು ಇನ್ನೊಂದು ಕಂಪ್ರೆಸರ್ ತರಿಸುತ್ತಾರೆ, ರೋಗ ಮಾತ್ರ ಇದ್ದಲ್ಲೇ ಇರುತ್ತದೆ. ಆಟಗಾರರಿಗೆ ಇದರ ಫಲ ಎರಡು ಬಗೆಯಲ್ಲಿ ಕಾಣುತ್ತದೆ. ಒಂದು, ಮೊಣಕಾಲೆತ್ತರದ ಮಂಜುಮುಸುಕು. ಪಕ್ ಎಂದರೆ ಏಳೂವರೆ ಸೆಂಟಿಮೀಟರ್ ಅಗಲದ, 160 ಗ್ರಾಂ ಸುಮಾರಿನ ಕಪ್ಪು ರಬ್ಬರ್ ಬಿಲ್ಲೆ. ಅದು ಆ ಮುಸುಕಿನೊಳಗಿಂದ ನುಗ್ಗಿ ಬಂದರೆ ಗೋಲಿಗೆ, ಅಂದರೆ ಗೋಲ್‌ಕೀಪರ್‌ಗೆ, ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಎರಡನೆಯದು, ಛಾವಣಿಯ ಉಕ್ಕಿನ ತೊಲೆಗಳಿಂದ ತೊಟ್ಟಿಕ್ಕುವ ಹನಿ. ಒಂದೇ ಜಾಗದಲ್ಲಿ ಬಿದ್ದು ಬಿದ್ದು ಅಲ್ಲೊಂದು ಗುಬುಟು ಏಳುತ್ತದೆ. ನೇರ ಹೋಗುತ್ತಿದ್ದ ಪಕ್ ಅಲ್ಲಿ ಪುಟಿಯುತ್ತದೆ, ಸ್ಕೇಟಿನ ಅಲಗು ಸಿಕ್ಕಿಕೊಂಡರೆ ಹುಡುಗ ಮುಗ್ಗರಿಸುತ್ತಾನೆ.

ಆದ್ದರಿಂದ ನಮ್ಮ ಕರಾವಳಿಯ ರಿಂಕ್‌ಗೆ ಐಸ್ ಪ್ಲಾಂಟ್ ಎಷ್ಟು ಮುಖ್ಯವೋ ಗಾಳಿ ಒಣಗಿಸುವ ಯಂತ್ರವೂ ಅಷ್ಟೇ ಮುಖ್ಯ. ಸಿಲಿಕಾ ಜೆಲ್ ಹೊದಿಸಿದ ಚಕ್ರವೊಂದು ನಿಧಾನ ತಿರುಗುತ್ತ ಗಾಳಿಯ ತೇವ ಹೀರುತ್ತದೆ. ಚಕ್ರದ ಇನ್ನೊಂದು ಬದಿಗೆ ಬಿಸಿಗಾಳಿ ಊದಿದರೆ ಆ ತೇವ ಹೊರಗೆ ಹೋಗುತ್ತದೆ. ಕಂಡೆನ್ಸರ್ ಹೊರಗೆಸೆಯುವ ಶಾಖದಲ್ಲಿ ಒಂದಷ್ಟನ್ನು ಈ ಬಿಸಿಗಾಳಿಗೆ ಬಳಸಿಕೊಳ್ಳಬಹುದು, ಮಂಜು ನುಣುಪು ಮಾಡಲು ಬೇಕಾದ ಬಿಸಿನೀರಿಗೂ ಬಳಸಬಹುದು. ಬಾಗಿಲು ಎರಡು ಹಂತದ್ದಾಗಿರಬೇಕು, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರಬೇಕು. ಮೇ ತಿಂಗಳ ಬಿಸಿಲಿಗೆ ಕಾದ ತಗಡಿನ ಛಾವಣಿ ನೇರವಾಗಿ ಮಂಜಿನ ಮೇಲೆ ಶಾಖ ಸೂಸುತ್ತದಾದ್ದರಿಂದ, ಅದರ ಕೆಳಗೆ ಹೊಳಪಿನ ಅಲ್ಯೂಮಿನಿಯಂ ಹಾಳೆಯ ಒಳಛಾವಣಿ ಕಟ್ಟಲೇಬೇಕು. ಇವೆಲ್ಲ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಬಜೆಟ್ ಕಡಿತ ಬಂದಾಗ ಮೊದಲ ಕತ್ತರಿ ಬೀಳುವುದೂ ಇವುಗಳ ಮೇಲೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಸಮುದ್ರ ತುಂಬಿ ಮಾಡಿದ ನೆಲದಲ್ಲಿ ಇನ್ನೊಂದು ಎಚ್ಚರ ಬೇಕು. ಕಾಂಕ್ರೀಟಿನ ಅಡಿಯ ಒದ್ದೆ ಮಣ್ಣು ವರ್ಷಗಟ್ಟಲೆ ತಣಿದು ಹೆಪ್ಪುಗಟ್ಟಿದರೆ ಉಬ್ಬಿ ನೆಲವನ್ನೇ ಎತ್ತಿ ಸೀಳುತ್ತದೆ. ಶಾಖನಿರೋಧಕ ಪದರದ ಕೆಳಗೆ ಬೆಚ್ಚನೆಯ ಪೈಪುಗಳ ಇನ್ನೊಂದು ಸಾಲು ಹಾಕುವುದು ಇದಕ್ಕಾಗಿಯೇ. ಪುಣೆಯಲ್ಲಿ ಈ ಎರಡೂ ಕಷ್ಟ ಕಡಿಮೆ. ಬೇಸಗೆಯಲ್ಲಿ ಅಲ್ಲಿ ಉರಿ ಹೆಚ್ಚು, ಆದರೆ ಗಾಳಿ ಒಣ. ಜಾಗ ಆರಿಸುವ ಸ್ವಾತಂತ್ರ್ಯ ನನಗಿದ್ದರೆ ಮೊದಲ ಪೂರ್ಣ ರಿಂಕ್ ಅನ್ನು ಪುಣೆಯ ಹೊರವಲಯದಲ್ಲಿ ಕಟ್ಟುತ್ತೇನೆ. ಹಸಿಗಾಳಿಯ ಗೋವಾ ಕೊನೆಗೆ.

ಬಿಸಿ ಊರಿಗೂ ಈ ಆಟಕ್ಕೂ ಹಳೆಯ ನಂಟಿದೆ. ಫ್ರಾಂಕ್ ಜಾಂಬೋನಿ ಎಂಬಾತ ಕ್ಯಾಲಿಫೋರ್ನಿಯಾದ ಪ್ಯಾರಮೌಂಟ್‌ನಲ್ಲಿ ಮಂಜುಗಡ್ಡೆ ಮಾರುತ್ತಿದ್ದವನು. ಮನೆಮನೆಗೆ ಫ್ರಿಜ್ ಬರುವ ಕಾಲ ಬಂದಾಗ, ಕೈಯಲ್ಲಿದ್ದ ವಿದ್ಯೆಯಿಂದಲೇ 1940ರಲ್ಲಿ ಸ್ಕೇಟಿಂಗ್ ರಿಂಕ್ ತೆರೆದ. ಇಂದು ಜಗತ್ತಿನ ರಿಂಕ್‌ಗಳಲ್ಲೆಲ್ಲ ಮಂಜು ಹೆರೆದು, ತೊಳೆದು, ಬಿಸಿನೀರು ಸವರಿ ನುಣುಪು ಮಾಡುವ ಯಂತ್ರ 1949ರಲ್ಲಿ ಅವನ ಆ ರಿಂಕ್‌ನಲ್ಲೇ ಹುಟ್ಟಿತು. ಫಿಲಿಪ್ಪೀನ್ಸ್‌ನಲ್ಲಿ ಎಲ್ಲೂ ಕೆರೆ ಹೆಪ್ಪುಗಟ್ಟುವುದಿಲ್ಲ. ಅಲ್ಲಿನವರು ಮಾಲ್‌ಗಳ ರಿಂಕ್‌ಗಳಲ್ಲಿ ಆಡಿ ಕಲಿತು, 2017ರಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟಕ್ಕೆ ಐಸ್ ಹಾಕಿ ಮೊದಲ ಸಲ ಸೇರಿದಾಗ ಮಲೇಷ್ಯಾದಲ್ಲಿ ಥಾಯ್ಲೆಂಡನ್ನು 5-4ರಿಂದ ಸೋಲಿಸಿ ಚಿನ್ನ ಗೆದ್ದರು.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ಭಾರತ 1989ರಿಂದಲೇ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ. ತಂಡದ ಬಹುಪಾಲು ಆಟಗಾರರು ಲಡಾಖಿನವರು, ಚಳಿಗಾಲದ ಒಂದೆರಡು ತಿಂಗಳು ಕೆರೆಯ ಮಂಜಿನ ಮೇಲೆ ಆಡಿ ಬೆಳೆದವರು. ಪುರುಷರ ತಂಡ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದ್ದು 2009ರಲ್ಲಿ, ಅಬುಧಾಬಿಯಲ್ಲಿ. ಮಹಿಳೆಯರು 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದದ್ದು ಅಲ್ ಐನ್‌ನಲ್ಲಿ. ಎರಡೂ ಮರಳುಗಾಡಿನ ಊರುಗಳು. ಹಿಮಾಲಯದ ಹುಡುಗಿಯರು ಬೇಸಗೆಯ ನಡುವೆ ಮರುಭೂಮಿಗೆ ಹೋಗಿ ಪದಕ ತಂದರು ಎಂಬುದನ್ನು ಓದಿದಾಗ ಹೆಮ್ಮೆಯ ಜೊತೆಗೆ ಹೊಟ್ಟೆಯೂ ಉರಿಯಿತು. ಆ ಮಂಜನ್ನು ಇಲ್ಲಿ ಮಾಡಿಕೊಡಲು ಬರುವ ಸಾವಿರಾರು ಜನ ನಮ್ಮ ಬಂದರುಗಳಲ್ಲೇ ಇದ್ದಾರೆ.

ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ರಿಂಕ್ ಆಮೇಲೆ ವರ್ಷಾನುಗಟ್ಟಲೆ ಮುಚ್ಚಿಕೊಂಡಿತ್ತು. ಮತ್ತೆ ಚಾಲೂ ಆದದ್ದು 2025ರಲ್ಲಿ. ದೊಡ್ಡ ರಿಂಕ್ ಕಟ್ಟುವ ಹಣಕ್ಕಿಂತ ನಡೆಸುವ ಹಣ ಕಷ್ಟ. ಚಳಿದೇಶ ಕೆನಡಾದಲ್ಲೇ ಒಂದು ರಿಂಕ್ ವರ್ಷಕ್ಕೆ ಹತ್ತು ಲಕ್ಷ ಯೂನಿಟ್ ವಿದ್ಯುತ್ ದಾಟುವುದು ಸಾಮಾನ್ಯ. ಆದ್ದರಿಂದ ಮುಂಬಯಿಗೆ ಅರ್ಧ ಅಳತೆಯ ರಿಂಕ್ ಸಾಕೆಂದು ನನ್ನ ಖಚಿತ ಅಭಿಪ್ರಾಯ. ಅಂಕಣವನ್ನು ಅಡ್ಡಡ್ಡ ಭಾಗ ಮಾಡಿ ತಂಡಕ್ಕೆ ಮೂವರಂತೆ ಮಕ್ಕಳು ಆಡಿದರೆ ಪಕ್ ಪ್ರತಿಯೊಬ್ಬರಿಗೂ ಹೆಚ್ಚು ಸಲ ಸಿಗುತ್ತದೆ. ಹಗಲು ಸಾರ್ವಜನಿಕರ ಸ್ಕೇಟಿಂಗ್‌ನಿಂದ ಕರೆಂಟ್ ಬಿಲ್ಲಿನ ಹಣ ಹುಟ್ಟಲಿ, ಬೆಳಗಿನ ಜಾವ ಮತ್ತು ರಾತ್ರಿಯ ಹೊತ್ತು ಹಾಕಿಗೆ ಅಗ್ಗದ ದರದಲ್ಲಿ ಸಿಗಲಿ.

ರಿಂಕ್ ಬರುವವರೆಗೆ ಮಕ್ಕಳು ಏನು ಮಾಡಬೇಕು ಎಂದು ಕೇಳುವ ತಂದೆತಾಯಂದಿರಿಗೆ ನನ್ನ ಉತ್ತರ: ಇನ್‌ಲೈನ್ ಹಾಕಿಗೆ ಕಳಿಸಿ. ಚಕ್ರದ ಸ್ಕೇಟಿನ ಮೇಲೆ ನಾಲ್ವರು ಮತ್ತು ಒಬ್ಬ ಗೋಲಿ, ಪಕ್ ಸಹ ಇರುತ್ತದೆ. ಸ್ಟಿಕ್ ಹಿಡಿತ, ಪಾಸು, ತಲೆಯೆತ್ತಿ ಆಡುವ ಅಭ್ಯಾಸ ಎಲ್ಲ ಇಲ್ಲೇ ಬರುತ್ತವೆ. ಬಾರದ್ದು ಒಂದೇ, ನಿಲ್ಲುವುದು. ಮಂಜಿನ ಮೇಲೆ ಎರಡೂ ಕಾಲನ್ನು ಅಡ್ಡ ತಿರುಗಿಸಿ, ಅಲಗಿನ ಅಂಚಿನಿಂದ ಮಂಜು ಹೆರೆದು ಥಟ್ಟನೆ ನಿಲ್ಲಬೇಕು. ಚಕ್ರದ ಮೇಲೆ ಹಾಗೆ ಮಾಡಿದರೆ ಬೀಳುತ್ತಾರೆ. ಆ ಒಂದು ವಿದ್ಯೆಗಾಗಿಯಾದರೂ ಮಗುವಿಗೆ ವರ್ಷಕ್ಕೆ ಕೆಲವು ವಾರ ನಿಜವಾದ ಮಂಜು ಸಿಗಬೇಕು. ಪ್ಲಾಸ್ಟಿಕ್ ಹಲಗೆಯ ಕೃತಕ ಮಂಜು ಗೋಲಿಯ ಅಭ್ಯಾಸಕ್ಕೂ ಶಾಟ್ ಹೊಡೆಯಲೂ ಪರವಾಗಿಲ್ಲ, ಆದರೆ ಅದರಲ್ಲಿ ಅಲಗು ಬೇಗ ಮೊಂಡಾಗುತ್ತದೆ, ಜಾರುವಿಕೆಯೂ ಕಡಿಮೆ.

ರಿಂಕ್ ಕಟ್ಟುವ ಯೋಜನೆ ಹಿಡಿದು ಯಾರೇ ಬಂದರೂ ನಾನು ಮೊದಲು ಕೇಳುವುದು ಪ್ಲಾಂಟ್‌ನ ತಂಪು ಮಾಡುವ ಶಕ್ತಿಯ ಟನ್ ಲೆಕ್ಕವನ್ನಲ್ಲ. ಜುಲೈ ತಿಂಗಳ ಸಂಜೆ, ಪ್ರೇಕ್ಷಕರು ತುಂಬಿರುವಾಗ, ಒಳಗಿನ ಇಬ್ಬನಿ ಬಿಂದು ಎಷ್ಟಿರುವಂತೆ ವಿನ್ಯಾಸ ಮಾಡಿದ್ದೀರಿ ಎಂದು ಕೇಳುತ್ತೇನೆ. ಎರಡು ಮೂರು ಡಿಗ್ರಿ ಎಂಬ ಉತ್ತರ ಕಾಗದದ ಮೇಲೆ ಇದ್ದರೆ ಮಾತು ಮುಂದುವರಿಸಬಹುದು. ಎರಡನೆಯ ಪ್ರಶ್ನೆ, ರಾತ್ರಿ ಪಾಳಿಯಲ್ಲಿ ಅಮೋನಿಯಾ ವಾಲ್ವ್ ಬಲ್ಲವರು ಯಾರಿರುತ್ತಾರೆ ಎಂಬುದು. ಆ ಕೆಲಸಕ್ಕೆ ಬಂದರಿನ ಐಸ್ ಕಾರ್ಖಾನೆಗಳ ಆಪರೇಟರುಗಳನ್ನೇ ಕರೆದು, ಮಂಜು ಹೆರೆಯುವುದನ್ನೂ ತೇವ ಅಳೆಯುವುದನ್ನೂ ಕಲಿಸಿ, ಒಳ್ಳೆಯ ಸಂಬಳ ಕೊಟ್ಟು ಉಳಿಸಿಕೊಳ್ಳಿ.