ಮಣ್ಣಿಗೆ ಪ್ರಿಟ್ಜ್ಕರ್ ಬಂದ ವರ್ಷ, ನಮ್ಮ ಮಾಳಿಗೆ ಮನೆಗಳ ಹಳೆ ತಕರಾರು

ಮಳೆ ಜೋರಾದರೆ ನವಲಗುಂದ, ನರಗುಂದ, ರೋಣ, ಸವಣೂರು ಕಡೆಯಿಂದ ಒಂದೇ ಥರದ ಸುದ್ದಿ ಬರುತ್ತದೆ. ಇಷ್ಟು ಮನೆ ಪೂರ್ತಿ ಬಿದ್ದವು, ಇಷ್ಟು ಅರ್ಧ ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನ ಮನೆಗಳು. ಅದೇ ವಾರ ಫೋನ್ ತೆರೆದರೆ, ದೊಡ್ಡ ಊರಿನಲ್ಲಿ ಯಾರೋ ಲಕ್ಷಾಂತರ ರೂಪಾಯಿ ಸುರಿದು ಮಣ್ಣಿನ ಗೋಡೆಯ ಮನೆ ಕಟ್ಟಿಸಿದ ವಿಡಿಯೋ ಕಾಣುತ್ತದೆ. ತಂಪು, ಪರಿಸರಕ್ಕೆ ಒಳ್ಳೆಯದು, ಅಜ್ಜನ ಕಾಲದ ಜಾಣತನ ಎಂಬ ಮಾತುಗಳು. ಇಲ್ಲಿ ಅದೇ ಅಜ್ಜನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಲು ಜನ ಪಂಚಾಯಿತಿಗೆ ಅರ್ಜಿ ಹಿಡಿದು ನಿಂತಿದ್ದಾರೆ. ಯಾರು ಸರಿ, ಯಾರು ತಪ್ಪು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಗೊಂದಲಕ್ಕೆ ಜಗತ್ತಿನ ಮಟ್ಟದ ಬಣ್ಣ ಬಂದದ್ದು 2022ರಲ್ಲಿ. ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಎನ್ನುವ ಪ್ರಿಟ್ಜ್ಕರ್ ಪ್ರಶಸ್ತಿ ಆ ವರ್ಷದ ಮಾರ್ಚ್‌ನಲ್ಲಿ ಡಿಯೆಬೆಡೊ ಫ್ರಾನ್ಸಿಸ್ ಕೆರೆ ಅವರಿಗೆ ಬಂತು. ಅವರು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯವರು. ಈ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್. ಅವರಿಗೆ ಹೆಸರು ತಂದದ್ದು ಗಗನಚುಂಬಿ ಕಟ್ಟಡವಲ್ಲ, ಊರ ಜನರನ್ನು ಸೇರಿಸಿಕೊಂಡು 2001ರಲ್ಲಿ ಮುಗಿಸಿದ ಒಂದು ಮಣ್ಣಿನ ಪ್ರಾಥಮಿಕ ಶಾಲೆ. 2022ರಲ್ಲೇ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಗೆದ್ದವುಗಳಲ್ಲಿ ಸೆನೆಗಲ್ ದೇಶದ ಕಾಮನಾರ್ ಶಾಲೆಯೂ ಇತ್ತು. ಅದೂ ಮಣ್ಣಿನ ಕಮಾನುಗಳದ್ದೇ.

2022ರಲ್ಲಿ ಇನ್ನೊಂದು ಘಟನೆ ನಡೆಯಿತು. ಟೋಕಿಯೊದಲ್ಲಿ 1972ರ ನಕಾಗಿನ್ ಕ್ಯಾಪ್ಸೂಲ್ ಟವರ್ ಕೆಡವಲು ಶುರುಮಾಡಿದರು. ಆ ಟವರ್‌ನ ಡಬ್ಬಿಯಂಥ ಕೋಣೆಗಳನ್ನು 25 ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ್ದರು. ಒಮ್ಮೆಯೂ ಬದಲಿಸಲಿಲ್ಲ. ಉಕ್ಕು, ಕಾಂಕ್ರೀಟಿನ ಕಟ್ಟಡವೂ ಆರೈಕೆ ಇಲ್ಲದೆ 50 ವರ್ಷಕ್ಕೆ ಕೈಚೆಲ್ಲಿತು. ನಮ್ಮ ಮಾಳಿಗೆ ಮನೆಗಳ, ಅಂದರೆ ಸಪಾಟ ಮಣ್ಣಿನ ಸೂರಿನ ಮನೆಗಳ, ವಿಷಯ ಮಾತಾಡುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಈಗ ನಮ್ಮ ಕಡೆಗೆ. ಲಕ್ಕುಂಡಿಯಲ್ಲಿ ಸಾವಿರ ವರ್ಷದ ಹಿಂದೆ ದೇವರಿಗೆ, ತೀರ್ಥಂಕರರಿಗೆ ಕಲ್ಲಿನ ಗುಡಿ ಎದ್ದವು, ಜನ ಮಣ್ಣಿನಲ್ಲೇ ಉಳಿದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುಂದೆ ರೈಲು ಬಂತು, ಹುಬ್ಬಳ್ಳಿ, ಧಾರವಾಡದ ಓಣಿಗಳಲ್ಲಿ ಕೆಂಪು ಹೆಂಚು ಹರಡಿತು. ಅಳ್ನಾವರ, ಕಲಘಟಗಿ ಕಡೆ ಮಳೆ ಜಾಸ್ತಿ, ಅಲ್ಲಿ ಇಳಿಜಾರು ಹೆಂಚೇ ಗತಿ. ಪೂರ್ವದ ಬಯಲಿನಲ್ಲಿ, ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ, ಊರುಗಳಲ್ಲಿ, ಸಪಾಟ ಮಾಳಿಗೆ ಉಳಿಯಿತು.

ಮಾಳಿಗೆ ಎಂದರೆ ಸುಮ್ನೆ ಮಣ್ಣು ಸುರಿದದ್ದಲ್ಲ. ದಪ್ಪ ಗೋಡೆ, ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು. ಅದರ ಮೇಲೆ ಮೇಲ್ಮುದ್ದೆ, ಅಂದರೆ ಮಣ್ಣಿನ ಪದರ, ತುದಿಗೆ ಹಾಳು ಮಣ್ಣು. ಈ ಹಾಳು ಮಣ್ಣು ಬಿಳಿಚಾದ, ಸವಳು ಗುಣದ ಮಣ್ಣು. ನೀರು ತಾಗಿದರೆ ಅದರ ಸಣ್ಣ ಕಣಗಳು ಬಿಡಿಸಿಕೊಂಡು ಸಂದುಗಳನ್ನು ತಾವೇ ಮುಚ್ಚುತ್ತವೆ. ಬೆಳೆ ಬಾರದ ಮಣ್ಣು ಸೂರಿಗೆ ಬಂತು. ಬೆಳಕಿಗೆ ಒಂದು ಬೆಳಕಿಂಡಿ, ಮಳೆ ಬಂದರೆ ಓಡಿ ಹೋಗಿ ಮುಚ್ಚುವುದು. ಗದಗ ಸೀಮೆಯ ಏಪ್ರಿಲ್ ಬಿಸಿಲು 40 ಡಿಗ್ರಿ ಹತ್ತಿರ ಹೋದಾಗಲೂ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬಹುದಿತ್ತು. ಅದೇ ಜಾಗದ ಸ್ಲ್ಯಾಬ್ ಮನೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ.

ಆದರೆ ಈ ಮಾಳಿಗೆಗೆ ಪ್ರತಿ ವರ್ಷ ಕೆಲಸ ಬೇಕು. ರೋಹಿಣಿ ಮಳೆಗೆ ಮುಂಚೆ ಮೇಲೆ ಹತ್ತಿ ಹುಲ್ಲು ಕೀಳಬೇಕು, ಬಿರುಕು ಮುಚ್ಚಬೇಕು, ಹೊಸ ಹಾಳು ಮಣ್ಣು ಹರಡಿ ಬಡಿಯಬೇಕು. ಹಳೆಯದನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕು. ಇಲ್ಲೇ ನೋಡಿ ಎಡವಟ್ಟು ಆದದ್ದು. ಕೆರೆಯುವುದು ಬೇಸರದ ಕೆಲಸ. ಸೋರಿದಲ್ಲಿ ಇನ್ನೊಂದಿಷ್ಟು ಮಣ್ಣು ಹಾಕಿ ಇಳಿಯುವುದು ಸುಲಭ. ಹೀಗೆ ವರ್ಷದ ಮೇಲೆ ವರ್ಷ ಮಾಳಿಗೆ ದಪ್ಪವಾಗುತ್ತದೆ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣು ಎಂದರೆ 100 ಘನ ಅಡಿ. ಒಂದು ಘನ ಅಡಿ ಒದ್ದೆ ಮಣ್ಣು 50 ಕಿಲೋ ಹತ್ತಿರ ತೂಗುತ್ತದೆ. ಅಂದರೆ ತಲೆಯ ಮೇಲೆ ಸುಮಾರು 5 ಟನ್. ಕೆಳಗಿನ ಜಂತಿಗೆ ಗೆದ್ದಲು ಹತ್ತಿದ್ದರೆ ಕೇಳುವುದೇ ಬೇಡ.

ಇನ್ನೊಂದು ಕಾರಣವನ್ನು ಯಾವ ವರದಿಯಲ್ಲೂ ಅಷ್ಟಾಗಿ ಬರೆಯುವುದಿಲ್ಲ. ಮನೆ ಪಾಲಾಗುವುದು. ನಾಲ್ಕು ಅಣ್ಣತಮ್ಮಂದಿರು, ಒಂದೇ ಸೂರು, ನಡುವೆ ಒಂದು ಗೋಡೆ. ಒಬ್ಬ ಗೋವಾಕ್ಕೆ ದುಡಿಯಲು ಹೋದ, ಇನ್ನೊಬ್ಬ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ. ಊರಲ್ಲಿ ಉಳಿದವನು ತನ್ನ ಪಾಲಿನ ಮಾಳಿಗೆ ಮಾತ್ರ ಬಡಿಯುತ್ತಾನೆ. ಬೀಗ ಹಾಕಿದ ಪಾಲಿನಲ್ಲಿ ನೀರು ಇಳಿಯುತ್ತದೆ. ನಡುಗೋಡೆ ಇಬ್ಬರದ್ದು, ಹಾಗಾಗಿ ಯಾರದ್ದೂ ಅಲ್ಲ. ಬೀಳುವಾಗ ಮಾತ್ರ ಎರಡೂ ಮನೆ ಬೀಳುತ್ತವೆ. ಮಣ್ಣು ಕೈಕೊಟ್ಟಿತು ಎಂದು ಸುದ್ದಿಯಾಗುತ್ತದೆ.

ಮಣ್ಣನ್ನು ಸುಧಾರಿಸುವ ಪ್ರಯತ್ನ ನಡೆಯಲಿಲ್ಲ ಎಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಬ್ಲಾಕ್ ಮಾಡುವ ವಿಧಾನವನ್ನು ಅಲ್ಲಿ ಪಳಗಿಸಿದರು. ಸುಡುವ ಕೆಲಸವಿಲ್ಲ, ಒದ್ದೆಯಾದರೂ ಕರಗುವುದಿಲ್ಲ. ಇದಕ್ಕೆ ಸರ್ಕಾರಿ ಮಾನಕವೂ ಇದೆ, ಐಎಸ್ 1725. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳ ದಾರಿ ತೋರಿಸಿದರು. ಆ ತಂತ್ರಗಳನ್ನು ಹರಡಲೆಂದೇ ಜಿಲ್ಲೆ ಜಿಲ್ಲೆಗೆ ನಿರ್ಮಿತಿ ಕೇಂದ್ರಗಳು ಬಂದವು. ಇವತ್ತು ಆ ಕೇಂದ್ರಗಳು ಹೆಚ್ಚಾಗಿ ಸರ್ಕಾರಿ ಕಟ್ಟಡ ಕಟ್ಟುವ ಏಜೆನ್ಸಿಗಳು. ಬ್ಲಾಕ್ ಯಂತ್ರ ಊರು ಮುಟ್ಟಲಿಲ್ಲ. ನಮ್ಮ ಗೌಂಡಿಗಳ ಕೈಗೆ ಸಿಮೆಂಟ್, ಉಸುಕು, ಖಡಿ ಒಗ್ಗಿಹೋಯಿತು. ಮಾಳಿಗೆ ಕಟ್ಟಲು ಬಲ್ಲವರು ಮುದುಕರಾದರು.

ಅಷ್ಟರಲ್ಲಿ ವಸತಿ ಯೋಜನೆಗಳ ಸಾಲು ಬಂತು. 1985ರ ಹೊತ್ತಿಗೆ ಇಂದಿರಾ ಆವಾಸ್, ಆಮೇಲೆ ಆಶ್ರಯ, ಬಸವ ವಸತಿ, 2016ರಿಂದ ಪ್ರಧಾನಮಂತ್ರಿ ಆವಾಸ್. ಬಡವರಿಗೆ ಸೂರು ಸಿಕ್ಕಿತು, ಅದನ್ನು ಸಣ್ಣದು ಎನ್ನಲಾಗದು. ಆದರೆ ಕಂತಿನ ಹಣ ಬರಲು ಪಾಯದ ಫೋಟೊ, ಲಿಂಟಲ್ ಮಟ್ಟದ ಫೋಟೊ, ಛಾವಣಿಯ ಫೋಟೊ ಬೇಕು. ಈ ಹಂತಗಳೆಲ್ಲ ಸ್ಲ್ಯಾಬ್ ಮನೆಗೆ ಅಳತೆ ಕೊಟ್ಟು ಹೊಲಿಸಿದಂತಿವೆ. ಕೇಂದ್ರದ ನಿಯಮದಲ್ಲಿ ಮಣ್ಣು ಬೇಡ ಎಂದು ಎಲ್ಲೂ ಬರೆದಿಲ್ಲ. ಸರಿಯಾಗಿ ನೋಡಿಕೊಂಡರೆ 30 ವರ್ಷ ಬಾಳುವ ಮನೆ ಪಕ್ಕಾ ಮನೆ ಎಂದಷ್ಟೇ ಅಲ್ಲಿದೆ. ಸ್ಥಳೀಯ ಸಾಮಗ್ರಿ ಬಳಸಿ ಎಂಬ ಸಲಹೆಯೂ ಇದೆ. ಆದರೂ ಫಲಾನುಭವಿ ಅಪಾಯ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಕಂತು ನಿಂತರೆ ಅರ್ಧ ಮನೆ ಬಯಲಲ್ಲಿ ನಿಲ್ಲುತ್ತದೆ. ಸ್ಲ್ಯಾಬ್ ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಕಂಡರಿಯದ ನೆರೆ ನೋಡಿತು. ಊರು ಊರೇ ಸ್ಥಳಾಂತರ ಮಾಡಲು ಸರ್ಕಾರ ‘ಆಸರೆ’ ಯೋಜನೆ ತಂದಿತು. ದಾನಿಗಳು, ಮಠಗಳು, ಕಂಪನಿಗಳು ಕೈಜೋಡಿಸಿದರು. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಸಾಲು ಸಾಲು ಕಾಂಕ್ರೀಟ್ ಮನೆಗಳು ಎದ್ದವು. ಹಲವು ಕಡೆ ಜನ ಹೋಗಲಿಲ್ಲ. ಎತ್ತು, ಎಮ್ಮೆ ಎಲ್ಲಿ ಕಟ್ಟುವುದು? ಹೊಟ್ಟು, ಮೇವು ಎಲ್ಲಿ ಇಡುವುದು? ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಮೂರು ತಲೆಮಾರು ಒಟ್ಟಿಗಿರುವ ಕುಟುಂಬಕ್ಕೆ ಎರಡು ಕೋಣೆ. ಬಾಗಿಲು, ಕಿಟಕಿ ಕಿತ್ತುಹೋಗಿ, ಜಾಲಿ ಬೆಳೆದ ಆಸರೆ ಬಡಾವಣೆಗಳ ಸುದ್ದಿ ವರ್ಷಗಟ್ಟಲೆ ಬರುತ್ತಲೇ ಇತ್ತು.

ಇದನ್ನು ನೋಡಿ ಸಿಮೆಂಟ್ ಕೊಟ್ಟದ್ದೇ ತಪ್ಪು, ಮಣ್ಣಿನ ಮನೆ ಕೊಟ್ಟಿದ್ದರೆ ಹೋಗುತ್ತಿದ್ದರು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈಜಿಪ್ಟಿನಲ್ಲಿ 1940ರ ದಶಕದಲ್ಲಿ ಹಸನ್ ಫಾತಿ ಎಂಬ ಹೆಸರಾಂತ ವಾಸ್ತುಶಿಲ್ಪಿ ಹೊಸ ಗುರ್ನಾ ಎಂಬ ಊರನ್ನೇ ಮಣ್ಣಿನಲ್ಲಿ ಕಟ್ಟಿದರು. ಹಸಿ ಇಟ್ಟಂಗಿ, ಚೆಂದದ ಗುಮ್ಮಟ, ಅಂಗಳ. ಯಾರಿಗಾಗಿ ಕಟ್ಟಿದರೋ ಅವರಲ್ಲಿ ಬಹುಪಾಲು ಜನ ಬರಲೇ ಇಲ್ಲ. ಹಳೆ ಊರಿನ ಬದುಕು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಗುಮ್ಮಟ ಅವರಿಗೆ ಗೋರಿಯ ಹಾಗೆ ಕಂಡಿತು. ಅಲ್ಲಿ ಮಣ್ಣಿನ ಮನೆ ಖಾಲಿ ಉಳಿಯಿತು, ಇಲ್ಲಿ ಸಿಮೆಂಟಿನ ಮನೆ. ಎರಡೂ ಕಡೆ ಹೊಸ ಊರು ಜನರ ಬದುಕಿಗೆ ಒಗ್ಗಲಿಲ್ಲ.

ಆಮೇಲೆ 2019ರ ಆಗಸ್ಟ್. ಮಲಪ್ರಭೆ ತುಂಬಿತು, ಬೆಣ್ಣಿಹಳ್ಳ ಉಕ್ಕಿತು. ನೆರೆ ಮುಟ್ಟದ ಊರುಗಳಲ್ಲೂ ದಿನಗಟ್ಟಲೆ ಬಿಡದ ಮಳೆಗೆ ಮನೆ ಬಿದ್ದವು. ಕೆಳಗೆ ಗೋಡೆಯ ಬುಡ ನೀರು ಹೀರಿ ಮೆತ್ತಗಾಗಿತ್ತು, ಮೇಲೆ ಟನ್‌ಗಟ್ಟಲೆ ಒದ್ದೆ ಮಣ್ಣು ಕೂತಿತ್ತು. ಎರಿ ಭೂಮಿ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಪಾಯವನ್ನೇ ಅಲುಗಿಸುತ್ತದೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಎಂದು ಸರ್ಕಾರ ಹೇಳಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಎ ಮತ್ತು ಸಿ ನಡುವೆ ಲಕ್ಷಗಳ ಅಂತರ. ಹಾಗಾಗಿ ಊರೂರಲ್ಲಿ ಮಾತು ಗೋಡೆಯ ಗಟ್ಟಿತನದಿಂದ ಪಟ್ಟಿಯ ಅಕ್ಷರಕ್ಕೆ ಹೊರಳಿತು. ಅರ್ಧ ಬಿದ್ದ ಮನೆಯನ್ನು ರಿಪೇರಿ ಮಾಡುವುದಕ್ಕಿಂತ ಪೂರ್ತಿ ಬೀಳಲಿ ಎನ್ನುವುದೇ ಲಾಭವಾದರೆ, ಜನ ಏನು ಮಾಡಬೇಕು ಹೇಳಿ? ಅವರನ್ನು ದೂರಿ ಪ್ರಯೋಜನವಿಲ್ಲ.

ಈ ಹಿನ್ನೆಲೆಯಲ್ಲಿ ಕೆರೆ ಅವರ ಶಾಲೆಯನ್ನು ಮತ್ತೆ ನೋಡಿದರೆ ಬೇರೆಯದೇ ವಿಷಯ ಕಾಣುತ್ತದೆ. ಗಾಂಡೊದ ಜನರೂ ಮೊದಲು ಮಣ್ಣಿನ ಶಾಲೆ ಎಂದಾಗ ನಂಬಲಿಲ್ಲ. ಮಳೆಗಾಲ ಬಂದಾಗಲೆಲ್ಲ ಮಣ್ಣಿನ ಮನೆ ಕರಗುವುದನ್ನು ಅವರೂ ಕಂಡವರೇ. ಕೆರೆ ಅವರು ಮಣ್ಣನ್ನು ಹಾಗೇ ಬಳಸಲಿಲ್ಲ. ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಅದರ ಮೇಲೆ ತೆಳು ಕಬ್ಬಿಣದ ಸರಳುಗಳ ಚೌಕಟ್ಟು ನಿಲ್ಲಿಸಿ ತಗಡಿನ ಛಾವಣಿಯನ್ನು ಮೇಲಕ್ಕೆ ಎತ್ತಿ ಕೂರಿಸಿದರು. ತಗಡು ಗೋಡೆಯಿಂದ ಆಚೆಗೂ ಚಾಚಿ ಕೊಡೆಯ ಹಾಗೆ ಮಳೆ ತಡೆಯುತ್ತದೆ. ತಗಡಿಗೂ ಕೆಳಗಿನ ಮಣ್ಣಿನ ಮಾಡಿಗೂ ನಡುವೆ ಗಾಳಿ ಆಡುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಊರವರೇ ಮಣ್ಣು ಕಲಸಿದರು, ನೆಲ ಬಡಿದರು. ಹಾಗಾಗಿ ರಿಪೇರಿಯೂ ಅವರಿಗೆ ಗೊತ್ತು.

ನಮ್ಮಲ್ಲೂ ಇಂಥದ್ದೇ ಕೆಲಸ ಸದ್ದಿಲ್ಲದೆ ನಡೆದಿದೆ. ಎರಿ ಸೀಮೆಯ ಹಳ್ಳಿಗಳಲ್ಲಿ ಮಾಳಿಗೆಯ ಮಣ್ಣು ಇಳಿಸಿ, ಅಥವಾ ತೆಳ್ಳಗೆ ಮಾಡಿ, ಮೇಲೆ ತಗಡು ಹೊದಿಸಿದ ಮನೆಗಳು ಸಿಗುತ್ತವೆ. ಯಾವ ವಾಸ್ತುಶಿಲ್ಪಿಯೂ ಹೇಳಿಕೊಟ್ಟದ್ದಲ್ಲ. ಊರಿನ ಗೌಂಡಿ, ವೆಲ್ಡಿಂಗ್ ಅಂಗಡಿಯವನು ಸೇರಿ ಮಾಡಿದ್ದು. ತಗಡನ್ನು ಇನ್ನಷ್ಟು ಎತ್ತಿ, ಇನ್ನಷ್ಟು ಚಾಚಿ, ಗೋಡೆಯ ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿದರೆ ಕೆಲಸ ಪಕ್ವವಾಗುತ್ತದೆ.

ಆದರೆ ಲೆಕ್ಕದ ಪುಸ್ತಕದಲ್ಲಿ ಇಂಥ ಮನೆಗೆ ಜಾಗವೇ ಸಿಗಲಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೆ ಮೊದಲು ಆಧಾರವಾದದ್ದು 2011ರ ಸಾಮಾಜಿಕ ಆರ್ಥಿಕ ಗಣತಿ. ಮನೆ ಇಲ್ಲದವರ ಜೊತೆಗೆ, ಗೋಡೆಯೂ ಕಚ್ಚಾ, ಛಾವಣಿಯೂ ಕಚ್ಚಾ ಇರುವ ಎರಡು ಕೋಣೆಯೊಳಗಿನ ಮನೆಯವರು ಅದರ ಪಟ್ಟಿಗೆ ಬಂದರು. ತಗಡು ಪಕ್ಕಾ ಛಾವಣಿಯ ಲೆಕ್ಕ. ಅಂದರೆ ಮಳೆಗೆ ಹೆದರಿ ಸಾಲ ಮಾಡಿ ತಗಡು ಹಾಕಿಸಿಕೊಂಡವನು ಪಟ್ಟಿಯಿಂದ ಹೊರಗೆ, ಸೋರುವ ಮಾಳಿಗೆಯಡಿ ಕೂತವನು ಒಳಗೆ. ಹಿಂದೆ ಇಂದಿರಾ ಆವಾಸ್‌ನಲ್ಲಿ ಕಚ್ಚಾ ಮನೆ ಸುಧಾರಿಸಲು ಸ್ವಲ್ಪ ಪಾಲು ಇತ್ತು. ಹೊಸ ಯೋಜನೆ ಹೊಸ ಮನೆಗೆ ಮಾತ್ರ. 2024ರಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಗ್ರಾಮೀಣ ಮನೆಗಳಿಗೆ ಒಪ್ಪಿಗೆ ಕೊಟ್ಟು, ಯೋಜನೆಯನ್ನು 2029ರ ಮಾರ್ಚ್‌ವರೆಗೆ ಮುಂದುವರಿಸಿದೆ. ಬಯಲುಸೀಮೆಯಲ್ಲಿ ಒಂದು ಮನೆಗೆ ಕೇಂದ್ರ, ರಾಜ್ಯದ ಪಾಲು ಸೇರಿ ಸಿಗುವ ಸಹಾಯ ಅದೇ 1.20 ಲಕ್ಷ ರೂಪಾಯಿ. ಹಳೆ ಗೋಡೆ ಉಳಿಸಿಕೊಂಡು ಸೂರು ಬದಲಿಸಲು ಅದರಲ್ಲಿ ಅರ್ಧ ಕೊಡಿ ಎಂದು ಕೇಳುವ ಅರ್ಜಿ ನಮೂನೆ ಇನ್ನೂ ಅಚ್ಚಾಗಿಲ್ಲ.